ಕಟ್ಟೆಗೆ ಹಚ್ಚಿದ ದೊಡ್ಡ ಬೈಕು

ಹೋದ ವರ್ಷ ದೀಪಾವಳಿ ಮುಗಿದ ಮರುವಾರದ ಮಾತು. ಬೆಟಗೇರಿಯಲ್ಲಿ ನಾನು ಸೀಟಿನ ಅಂಗಡಿ ಹಾಕಿ ಆಗ ಮೂರು ವರ್ಷವಾಗಿತ್ತು. ಸೀಟಿನ ಅಂಗಡಿ ಎಂದರೆ ಬೈಕಿನ ಸೀಟು ಬಿಚ್ಚಿ, ಒಳಗಿನ ಫೋಮನ್ನು ಕೂಡುವವರ ಮೈಗೆ ತಕ್ಕಂತೆ ಕೊಯ್ದು ಅಥವಾ ಏರಿಸಿ, ಮೇಲೆ ಹೊಸ ರೆಗ್ಜಿನ್ ಹೊಲಿದು ಕೊಡುವ ಕೆಲಸ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮೊದಲು ನನ್ನ ಬೈಕಿನ ಸೀಟು ಕೆಡಿಸಿದೆ, ಆಮೇಲೆ ಕಾಕಾನ ಬೈಕಿನದು ಕೆಡಿಸಿದೆ, ಮೂರನೆಯದು ಒಂದಿಷ್ಟು ಕೂಡುವಂತಾದಾಗ ಅಂಗಡಿಯನ್ನೇ ತೆಗೆದೆ. ಫೋಮಿನ ಬಗ್ಗೆ ಯಾರಾದರೂ ಕೇಳಿದರೆ ಸಾಕು, ಅರ್ಧ ತಾಸು ಬಿಡುವವನಲ್ಲ ನಾನು. ಇಲ್ಲಿ ಮಾತ್ರ ಬಿಟ್ಟುಬಿಡುತ್ತೇನೆ.

ಆ ದಿನ ಅಂಗಡಿಯ ಮುಂದೆ ಬಂದು ನಿಂತ ಬೈಕನ್ನು ಅದುವರೆಗೆ ನಾನು ಮೊಬೈಲಿನ ಪರದೆಯ ಮೇಲಷ್ಟೇ ನೋಡಿದ್ದೆ. ಅದನ್ನು ಮಾಡಿದ ಕಂಪನಿ ತಲೆಮಾರುಗಳಿಂದ ಕ್ರೂಸರ್‌ಗಳಿಗೇ ಹೆಸರಾದದ್ದು. ಕ್ರೂಸರ್ ಎಂದರೆ ಗೊತ್ತಲ್ಲ, ಉದ್ದಕ್ಕೆ, ಕೆಳಕ್ಕೆ, ಕಾಲು ಮುಂದೆ ಚಾಚಿಕೊಂಡು ಆರಾಮಕುರ್ಚಿಯಲ್ಲಿ ಕೂತಂತೆ ಓಡಿಸುವ ಗಾಡಿ. ಆದರೆ ಇದು ಅದೇ ಕಂಪನಿಯ ಅಡ್ವೆಂಚರ್ ಬೈಕು. ಎತ್ತರದ ಗಾಡಿ, ಉದ್ದನೆಯ ಸಸ್ಪೆನ್ಷನ್, ಡಾಂಬರು ಮುಗಿದರೂ ಹೊಲದ ದಾರಿಯಲ್ಲಿ ನಡೆಯಬೇಕೆಂದು ಮಾಡಿದ್ದು. ತೂಕ ಎರಡೂವರೆ ಕ್ವಿಂಟಲ್‌ಗೂ ಮೇಲೆ.

ಅದನ್ನು ತಂದವರು ಲಕ್ಷ್ಮೇಶ್ವರದ ಬಸವರಾಜಣ್ಣ. ಬೀಜ-ಗೊಬ್ಬರದ ಅಂಗಡಿಯವರು, ಐವತ್ತೈದು ದಾಟಿದ್ದಾರೆ, ಆಳು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. ಅವರ ಬಳಿ ಅದೇ ಕಂಪನಿಯ ಹಳೆಯ ಕ್ರೂಸರ್ ಒಂದಿತ್ತು. ಈ ಹೊಸದು ಹುಬ್ಬಳ್ಳಿಯ ಪರಿಚಯದವರೊಬ್ಬರದು. ಒಂದು ವಾರ ಓಡಿಸಿ ನೋಡಿ, ಒಗ್ಗದಿದ್ದರೆ ತಂದು ನಿಲ್ಲಿಸಿ, ಸೀಟಿಗೆ ಚಾಕು ಹಾಕಿದರೆ ಮಾತ್ರ ಗಾಡಿ ನಿಮ್ಮದಾಯಿತು ಎಂದು ಅವರು ಹೇಳಿ ಕಳಿಸಿದ್ದರು. ಫೋಮ್ ಒಮ್ಮೆ ಕೊಯ್ದರೆ ಮತ್ತೆ ಕೂಡುವುದಿಲ್ಲ, ಅವರ ಮಾತು ನ್ಯಾಯದ್ದೇ.

ಬಸವರಾಜಣ್ಣನ ಜೊತೆ ಇನ್ನಿಬ್ಬರು ಬಂದಿದ್ದರು. ಒಬ್ಬರು ಮುಂಡರಗಿಯ ದನದ ಡಾಕ್ಟರು. ಇನ್ನೊಬ್ಬ ಇರ್ಫಾನ್, ಲಕ್ಷ್ಮೇಶ್ವರದಲ್ಲಿ ಕಾರುಗಳ ಎಸಿ ರಿಪೇರಿ ಮಾಡುತ್ತಾನೆ. ರವಿವಾರ ಬಂತೆಂದರೆ ಮೂವರೂ ಕೂಡಿ ಸುತ್ತುತ್ತಿದ್ದವರು. ಹತ್ತು ದಿನದಿಂದ ಅವರ ಮೊಬೈಲ್ ಗ್ರೂಪಿನಲ್ಲಿ ಈ ಬೈಕಿನ ವಾದವೇ ನಡೆದಿತ್ತು, ಅದೀಗ ನನ್ನ ಅಂಗಡಿಯೊಳಗೆ ಬಂದು ಕುಳಿತಿತು. ಡಾಕ್ಟರು ಪೂರಾ ವಿರುದ್ಧ.

"ಕ್ರೂಸರ್ ಮಾಡೂ ಕಂಪನಿ ಕ್ರೂಸರ್ ಮಾಡ್ಬೇಕು. ಜಿಲೇಬಿ ಅಂಗಡ್ಯಾಗ ಹೋಗಿ ಯಾರರ ಉಪ್ಪಿನಕಾಯಿ ತಗೊಂತಾರೇನು?" ಎಂದರು. ಆಮೇಲೆ ತೂಕಕ್ಕೆ ಬಂದರು. "ನಾ ದಿನಾ ಎಮ್ಮಿ ಎಬ್ಬಿಸಾಂವ ಅದೀನಿ. ಬಿದ್ದ ಎಮ್ಮಿ ತಾನೂ ಒಂದೀಟ ಜೋರ ಮಾಡತೈತಿ. ಇದು ಮಾಡೂದಿಲ್ಲ."

ಇರ್ಫಾನ್ ಸೋಲುವವನಲ್ಲ. ಈ ಬೈಕಿನಲ್ಲಿ ಒಂದು ವ್ಯವಸ್ಥೆ ಇದೆ: ಗಾಡಿ ನಿಲ್ಲುತ್ತಿದ್ದಂತೆ ಸಸ್ಪೆನ್ಷನ್ ತಾನೇ ತುಸು ಕೆಳಗಿಳಿಯುತ್ತದೆ, ಓಡಿಸುವವರ ಪಾದ ನೆಲಕ್ಕೆ ಮುಟ್ಟಲೆಂದು. ಹೊರಟರೆ ಮತ್ತೆ ಏರುತ್ತದೆ. "ನಿಂತ ಕೂಡ್ಲೆ ತಾನ ಕೆಳಗ ಕುಂಡ್ರತೈತ್ರಿ ಡಾಕ್ಟ್ರ. ನಿಮ್ಮ ಎಮ್ಮಿ ಹೇಳಿದ್ರ ಕುಂಡ್ರತೈತೇನು?" ಎಂದು ಕೇಳಿದ. ಎಂಜಿನ್ನಿನ ಬಿಸಿ, ಚೈನು, ಸರ್ವಿಸ್‌ಗೆ ಹುಬ್ಬಳ್ಳಿತನಕ ಹೋಗಬೇಕಾದದ್ದು, ಮುಂಡರಗಿ ಕಡೆಯ ಎರೆಮಣ್ಣು, ಒಂದನ್ನೂ ಬಿಡಲಿಲ್ಲ ಇಬ್ಬರೂ. ನಾನೂ ನಡುವೆ ಬಾಯಿ ಹಾಕಿದೆ, ಹಾಕದೆ ಇರಲು ಆಗುತ್ತದೆಯೇ. ಬಸವರಾಜಣ್ಣ ಮಾತ್ರ ಸುಮ್ಮನೆ ಬೈಕಿನ ಹಿಂದಿನ ಸೀಟನ್ನು ನೋಡುತ್ತಾ ನಿಂತಿದ್ದರು. ಈ ವಯಸ್ಸಿನಲ್ಲಿ ಹುಡುಗರ ಹುಚ್ಚು ಹತ್ತಿದೆ ಎಂದು ಡಾಕ್ಟರು ತಮಾಷೆ ಮಾಡಿದ್ದಕ್ಕೂ ನಕ್ಕರಷ್ಟೇ.

ಅವರಿಬ್ಬರು ಚಹಾಕ್ಕೆಂದು ಹೊರಗೆ ಹೋದಾಗ ಬಸವರಾಜಣ್ಣ ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಹಿಂದಿನ ಸೀಟಿಂದ ಕಾಲಿಡೂ ಫುಟ್‌ರೆಸ್ಟಿಗೆ ಎಷ್ಟ ಇಂಚ ಐತಿ ಅಳೀ."

ಅಳೆದೆ. ಹತ್ತೊಂಬತ್ತು. ಅವರ ಕ್ರೂಸರಿನದು ನನಗೆ ಗೊತ್ತಿತ್ತು, ಹಿಂದೆ ನಾನೇ ಅದಕ್ಕೆ ರೆಗ್ಜಿನ್ ಹಾಕಿದ್ದೆ. ಹದಿನಾಲ್ಕು. "ಐದ ಇಂಚು," ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. ಯಾರೋ ಕೈಗೆ ಪ್ರಸಾದ ಕೊಟ್ಟಂತಿತ್ತು ಮುಖ.

ಆಗ ಅವರೇ ಬಿಡಿಸಿ ಹೇಳಿ ವಿಷಯ ತಿಳಿಯಿತು. ಅವರ ಹೆಂಡತಿ ಗಿರಿಜಕ್ಕ ಶಿಗ್ಲಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳು ಸಣ್ಣವರಿದ್ದಾಗಿನಿಂದಲೂ ರವಿವಾರ ಗಂಡನ ಹಿಂದೆ ಬೈಕಿನ ಮೇಲೆ ಸುತ್ತಿದವರು. ಅದಕ್ಕೂ ಹಿಂದಿನ ವರ್ಷ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವರ ಬಲ ಮೊಣಕಾಲಿನ ಚಿಪ್ಪು ಒಡೆದಿತ್ತು. ಆಪರೇಷನ್ ಆಗಿ ಈಗ ನಡೆಯುತ್ತಾರೆ, ನಿಲ್ಲುತ್ತಾರೆ, ಪಾಠವನ್ನೂ ಮಾಡುತ್ತಾರೆ. ಆದರೆ ಮೊಣಕಾಲು ಕುರ್ಚಿಯ ಮೇಲೆ ಕೂತಷ್ಟು ಮಡಚುತ್ತದೆ, ಅದಕ್ಕಿಂತ ಹೆಚ್ಚು ಇಲ್ಲ. ಕ್ರೂಸರಿನ ಹಿಂದಿನ ಸೀಟಿನಲ್ಲಿ ಕೂತರೆ ಮೊಣಕಾಲು ಎದೆಯ ಹತ್ತಿರ ಬರುತ್ತದೆ. ಗುಣವಾದ ಮೇಲೆ ಒಮ್ಮೆ ಕೂತು ನೋಡಿದ್ದರು. ಊರು ದಾಟುವುದರೊಳಗೆ ತುಟಿ ಕಚ್ಚಿಕೊಂಡಿದ್ದನ್ನು ಕನ್ನಡಿಯಲ್ಲಿ ಕಂಡ ಬಸವರಾಜಣ್ಣ ಗಾಡಿ ತಿರುಗಿಸಿದ್ದರು. ಅಂದಿನಿಂದ ಕ್ರೂಸರಿಗೆ ಹೊದಿಕೆ ಹೊದಿಸಿಟ್ಟಿದ್ದರು. ರವಿವಾರ ಯಾಕೆ ಬರುವುದಿಲ್ಲ ಎಂದು ಗೆಳೆಯರು ಕೇಳಿದರೆ ಅಂಗಡಿಯ ಕೆಲಸ ಎನ್ನುತ್ತಿದ್ದರು.

ಅಂದರೆ ಹತ್ತು ದಿನದ ಆ ವಾದದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಇದು: ಹಿಂದೆ ಕೂಡುವವರ ಮೊಣಕಾಲು ಎಷ್ಟು ಮಡಚಬೇಕು?

ಆದರೆ ಇಲ್ಲೊಂದು ಫಜೀತಿ ಇತ್ತು. ಕಾಲು ಚಾಚಲು ಜಾಗ ಸಿಕ್ಕಿದ್ದೇ ಗಾಡಿ ಎತ್ತರವಿದ್ದದ್ದರಿಂದ. ಹಿಂದಿನ ಸೀಟು ನೆಲದಿಂದ ಮೂವತ್ತಾರು ಇಂಚು. ಗಿರಿಜಕ್ಕನ ಎತ್ತರ ಐದು ಅಡಿ. ಬಲಗಾಲನ್ನು ಅಷ್ಟು ಮೇಲೆತ್ತಿ ಆಚೆ ಹಾಕುವುದು ಅವರಿಂದ ಆಗದ ಮಾತು. ನಾಲ್ಕು ಇಂಚು ಫೋಮ್ ಕೊಯ್ದುಬಿಡು ಎಂದರು ಬಸವರಾಜಣ್ಣ. ಕೊಯ್ದರೆ ಹತ್ತುವುದು ಸುಲಭ, ಆದರೆ ಹತ್ತೊಂಬತ್ತು ಹೋಗಿ ಹದಿನೈದಾಗುತ್ತದೆ, ಮೊಣಕಾಲು ಮತ್ತೆ ಅಲ್ಲಿಗೇ ಬರುತ್ತದೆ. ಟೇಪು ಹಿಡಿದು ಇದನ್ನು ಅವರಿಗೆ ತೋರಿಸಿದೆ. ಅವರು, ಎರಡಾದರೂ ಕೊಯ್ಯಬಹುದೇನು ನೋಡೋಣ, ರವಿವಾರ ಸಾಮಾನು ತಗೊಂಡು ಮನೆಗೆ ಬಾ ಎಂದರು.

ರವಿವಾರ ಮುಂಜಾನೆ ಚಾಕು, ಟೇಪು, ಅಂಟು ಎಲ್ಲ ಚೀಲಕ್ಕೆ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಡಾಕ್ಟರು ಮತ್ತು ಇರ್ಫಾನ್ ನನಗಿಂತ ಮೊದಲೇ ಬಂದಿದ್ದರು. ಬಸವರಾಜಣ್ಣನದು ಹಳೆಯ ಮನೆ, ಮುಂಬಾಗಿಲ ಎರಡೂ ಕಡೆ ಕಲ್ಲಿನ ಕಟ್ಟೆ. ನಾನು ಸೀಟು ಬಿಚ್ಚಿ ಆ ಕಟ್ಟೆಯ ಮೇಲಿಟ್ಟು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಒಂದು ಇಂಚು ಸಾಕು ಎಂದು ಇರ್ಫಾನ್, ಮುಟ್ಟಲೇಬೇಡ, ಗಾಡಿ ಹುಬ್ಬಳ್ಳಿಗೆ ಕಳಿಸು ಎಂದು ಡಾಕ್ಟರು. ಡಾಕ್ಟರಿಗೂ ಅಷ್ಟೊತ್ತಿಗೆ ಮೊಣಕಾಲು ಪೂರಾ ಮಡಚದ ಸಂಗತಿ ಗೊತ್ತಾಗಿತ್ತು, ಹಾಗಾಗಿ ಅವರ ಹೆದರಿಕೆ ಹೆಚ್ಚಾಗಿತ್ತು. ಗಾಡಿ ವಾಲಿ ಬಿದ್ದರೆ ಇದ್ದೊಂದು ಕಾಲೂ ಹೋದೀತು ಎನ್ನುವುದು ಅವರ ಮಾತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಗಿರಿಜಕ್ಕ ಹೊರಗೆ ಬಂದರು. ಮಗಳ ಚೂಡಿದಾರ ಹಾಕಿಕೊಂಡಿದ್ದರು. ತೋಳು ತುಸು ಬಿಗಿಯಾಗಿತ್ತು. ಬಾಗಿಲಲ್ಲೇ ನಿಂತು ನಮ್ಮನ್ನೆಲ್ಲ ಶಾಲೆಗೆ ತಡವಾಗಿ ಬಂದವರನ್ನು ನೋಡುವಂತೆ ನೋಡಿದರು.

"ನಾಲ್ಕ ಮಂದಿ ಗಂಡಸ್ರು ಕೂಡಿ ನನ್ನ ಮೊಣಕಾಲಿನ ಮ್ಯಾಲ ಸಭಾ ಮಾಡೀರಿ. ನನ್ನ ಒಮ್ಮೆರ ಕೇಳೀರೇನ್ರೀ?"

ನನ್ನ ಕೈಯಲ್ಲಿದ್ದ ಚಾಕನ್ನು ಕಂಡು, ಅದನ್ನ ಚೀಲದಾಗ ಹಾಕು ತಮ್ಮಾ ಎಂದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಾವು ಸಣ್ಣವರಿದ್ದಾಗ ಚಕ್ಕಡಿ ಹೆಂಗ ಹತ್ತತಿದ್ವಿ? ಚಕ್ಕಡಿ ತಂದು ಮನಿ ಮುಂದಿನ ಕಟ್ಟಿಗೆ ಹಚ್ಚತಿದ್ರು. ಇದನ್ನೂ ಹಚ್ಚರಿ."

ನಾನು ಸೀಟು ತಿರುಗಿ ಜೋಡಿಸಿದೆ. ಬಸವರಾಜಣ್ಣ ಬೈಕು ಹತ್ತಿ, ಎಂಜಿನ್ ಚಾಲೂ ಮಾಡಿ, ಎಡಮಗ್ಗುಲನ್ನು ಕಟ್ಟೆಗೆ ಹಚ್ಚಿ ನಿಲ್ಲಿಸಿದರು. ಗಾಡಿಗೂ ಕಟ್ಟೆಗೂ ನಡುವೆ ಅವರ ಒಂದು ಕಾಲು ಊರುವಷ್ಟೇ ಜಾಗ. ಗಾಡಿ ಮೆಲ್ಲಗೆ ಕೆಳಗಿಳಿಯಿತು. ಟೇಪು ನನ್ನ ಕೈಯಲ್ಲೇ ಇತ್ತು, ಅಳೆದೆ: ಕಟ್ಟೆ ಇಪ್ಪತ್ತನಾಲ್ಕು ಇಂಚು. ಗಿರಿಜಕ್ಕ ಒಳಗಿನ ಮೆಟ್ಟಿಲಿನಿಂದ ಕಟ್ಟೆಯ ಮೇಲೆ ಬಂದು ನಿಂತಾಗ ಸೀಟು ಅವರ ಮೊಣಕಾಲಿಗಿಂತ ಕೆಳಗಿತ್ತು. ಗಂಡನ ಹೆಗಲು ಹಿಡಿದು, ಬಲಗಾಲನ್ನು ಮಡಚದೆ ನೆಟ್ಟಗೆ ಆಚೆ ಹಾಕಿದರು.

ಅಷ್ಟರಲ್ಲಿ ಗಾಡಿ ಬಲಕ್ಕೆ ವಾಲಿತು.

ಬಸವರಾಜಣ್ಣ ಬಲಗಾಲು ಊರಿ ತಡೆಯಲು ನೋಡಿದರು, ಭಾರ ತಡೆಯಲಿಲ್ಲ. ನಾನು ಓಡುವ ಮೊದಲೇ ಡಾಕ್ಟರು ಅಲ್ಲಿದ್ದರು. ದಿನವೂ ದನಗಳಿಗೆ ಕೊಡುವ ಹೆಗಲನ್ನೇ ಎರಡೂವರೆ ಕ್ವಿಂಟಲ್ ಗಾಡಿಗೂ ಕೊಟ್ಟು ನಿಂತುಬಿಟ್ಟರು. "ಬಸಣ್ಣ, ಎಡಕ್ಕ ಬಿಡ್ರಿ ಭಾರ. ಕಟ್ಟಿ ಐತಲ್ಲ, ಅದು ಎಲ್ಲಿಗೂ ಹೋಗೂದಿಲ್ಲ," ಎಂದು ಮೆಲ್ಲಗೆ ಹೇಳಿದರು, ಹೆದರಿದ ಎಮ್ಮೆಗೆ ಹೇಳುವ ದನಿಯಲ್ಲಿ. ಗಾಡಿ ನೆಟ್ಟಗಾಗಿ ಎಡಕ್ಕೆ ತುಸು ಒರಗಿತು. ಗಿರಿಜಕ್ಕ ಕೂತರು. ಬಲಪಾದ ಫುಟ್‌ರೆಸ್ಟ್ ಹುಡುಕಿಕೊಂಡಿತು. ನಾನು ಬಗ್ಗಿ ನೋಡಿದೆ: ಮೊಣಕಾಲು ಕುರ್ಚಿಯ ಮೇಲೆ ಕೂತಷ್ಟೂ ಮಡಚಿರಲಿಲ್ಲ.

ಮೊಣಕಾಲು ಹೇಗಿದೆ ಎಂದು ಬಸವರಾಜಣ್ಣ ಹಿಂದೆ ತಿರುಗದೆ ಕೇಳಿದರು.

"ಮೊಣಕಾಲ ಇರ್ಲಿ. ಹೊಡೀರಿ," ಎಂದರು ಗಿರಿಜಕ್ಕ.

ಓಣಿಯ ಕೊನೆಯತನಕ ಹೋಗಿ ಬರುತ್ತಾರೆ ಎಂದುಕೊಂಡಿದ್ದೆವು. ಬರಲಿಲ್ಲ. ಸಪ್ಪಳವೂ ಕೇಳದಾಯಿತು. ಡಾಕ್ಟರು ಕಟ್ಟೆಯ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಇರ್ಫಾನ್ ತನ್ನ ಬೈಕಿನ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ, ವಾದ ಮಾಡುವುದನ್ನೇ ಮರೆತಿದ್ದ. ಕೊನೆಗೆ ಸಪ್ಪಳ ಕೇಳಿತು. ಶಿಗ್ಲಿ ರಸ್ತೆ ಹಿಡಿದು, ಗಿರಿಜಕ್ಕನ ಶಾಲೆಯ ಗೇಟು ಮುಟ್ಟಿ ಬಂದಿದ್ದರಂತೆ. ಇನ್ನೂ ಮುಂದೆ ಹೋಗೋಣ ಎಂದವರು ಗಿರಿಜಕ್ಕನೇ, ಇನ್ನು ತಿರುಗೋಣ ಎಂದವರು ಬಸವರಾಜಣ್ಣ.

ಬೈಕು ಕಟ್ಟೆಗೆ ಬಂದು ನಿಂತರೂ ಗಿರಿಜಕ್ಕ ಇಳಿಯಲಿಲ್ಲ. ಒಳಗಿನಿಂದ ಚಹಾ ತರಿಸಿಕೊಂಡು ಬೈಕಿನ ಮೇಲೆ ಕೂತೇ ಕುಡಿದರು. ಅರ್ಧ ಕುಡಿದು ಕಪ್ಪನ್ನು ಗಂಡನ ಹೆಗಲ ಮೇಲಿಂದ ಮುಂದೆ ಚಾಚಿದರು. ಎರಡೂ ಕಾಲೂರಿ ಗಾಡಿ ಹಿಡಿದಿದ್ದ ಬಸವರಾಜಣ್ಣ ಒಂದು ಕೈಯಲ್ಲಿ ಅದನ್ನು ಇಸಿದುಕೊಂಡು ಉಳಿದದ್ದನ್ನು ಕುಡಿದರು. ನಾವು ಮೂವರೂ ಬೇರೆ ಕಡೆ ನೋಡಿದೆವು.

ಮೊದಲು ಮಾತು ತೆಗೆದವರು ಡಾಕ್ಟರೇ. ಮನೆಯ ಮುಂದೆ ಹತ್ತಿದ್ದಾಯಿತು, ಆದರೆ ದಾರಿಯಲ್ಲಿ ಇಳಿಯುವುದೆಲ್ಲಿ, ಮುಂಡರಗಿಗೆ ಹೋದರೆ ಮತ್ತೆ ಲಕ್ಷ್ಮೇಶ್ವರಕ್ಕೆ ಬಂದೇ ಇಳಿಯಬೇಕೇನು ಎಂದು ಕೇಳಿದರು. ಗಿರಿಜಕ್ಕ ನಕ್ಕು, ಶಿಗ್ಲಿಯಲ್ಲಿ ಶಾಲೆಯ ಪಕ್ಕದಲ್ಲೇ ಒಂದು ಕಟ್ಟೆ ಇದೆ ಎಂದರು. ಇರ್ಫಾನ್ ಶಿರಹಟ್ಟಿಯದೊಂದು ನೆನಪಿಸಿಕೊಂಡ. ನಾನು ಸೊರಟೂರಿನದು ಹೇಳಿದೆ, ಬೇವಿನ ಗಿಡದ ಕೆಳಗಿನದು. ಹೇಳುತ್ತಾ ಹೋದಂತೆ ಗೊತ್ತಾಯಿತು, ನಮ್ಮ ಕಡೆ ಕಟ್ಟೆ ಇಲ್ಲದ ಊರೇ ಇಲ್ಲ. ನಾವು ಅವುಗಳ ಮೇಲೆ ಕೂತು ಕೂತು ನೋಡುವುದನ್ನು ಮರೆತಿದ್ದೆವು ಅಷ್ಟೇ.

ಆ ಸಂಜೆ ಬಸವರಾಜಣ್ಣ ಹುಬ್ಬಳ್ಳಿಗೆ ಫೋನ್ ಮಾಡಿ, ಸೀಟಿಗೆ ಚಾಕು ಹಾಕಿಲ್ಲ, ಆದರೂ ಗಾಡಿ ನಮ್ಮದಾಯಿತು ಎಂದು ತಿಳಿಸಿದರು.

ಮುಂದಿನ ವಾರಗಳಲ್ಲಿ ಗ್ರೂಪಿನಲ್ಲಿ ಬೈಕಿನ ವಾದ ನಿಂತೇ ಹೋಯಿತು. ಅದರ ಬದಲು ಕಟ್ಟೆಗಳ ಫೋಟೋ ಬರತೊಡಗಿದವು, ಎತ್ತರ ತಿಳಿಯಲೆಂದು ಪಕ್ಕದಲ್ಲೊಂದು ಹೆಲ್ಮೆಟ್ ಇಟ್ಟು. ಇದು ಗಿಡ್ಡ, ಇದು ಹೆಚ್ಚಾಯಿತು, ಇದರ ಮುಂದೆ ಗಟಾರ ಇದೆ ಎಂದೆಲ್ಲ ಚರ್ಚೆ. ನಾನೂ ಗಿರಾಕಿಗಳ ಕೆಲಸಕ್ಕೆ ಹೋದಲ್ಲೆಲ್ಲ ಟೇಪು ಹಿಡಿದೆ. ಗಂಡ ಹೆಂಡತಿ ಶಿರಹಟ್ಟಿ ಮೇಲೆ ಹಾಯ್ದು ಸೊರಟೂರಿಗೆ ಮೊದಲ ಸಲ ಹೋದಾಗ ಬೇವಿನ ಗಿಡದ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಸರಿದು ಜಾಗ ಕೊಟ್ಟು, ಗಿರಿಜಕ್ಕ ಇಳಿಯುವತನಕ ಕಣ್ಣು ಕೀಳದೆ ನೋಡಿದ.

"ಅಂಬಾರಿಯಿಂದ ಇಳದಂಗ ಇಳದಿ ನೋಡ ಯವ್ವಾ," ಎಂದ. "ಆನಿ ಭಾಳ ಸಪ್ಪಳ ಮಾಡತೈತಿ, ಅಷ್ಟ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅಲ್ಲಿಯವರೆಗೆ ಯಾರಾದರೂ ಅಂಗಡಿಗೆ ಬಂದರೆ, ಎಷ್ಟು ಕೊಯ್ಯಬೇಕು ಎಂದು ಕೇಳುತ್ತಿದ್ದೆ. ಈಗ ಮೊದಲು ಕೇಳುವುದು, ಹಿಂದೆ ಯಾರು ಕೂಡುತ್ತಾರೆ, ಅವರನ್ನು ಕರೆದುಕೊಂಡು ಬಂದಿದ್ದೀರಾ ಎಂದು. ಬಂದಿಲ್ಲವಾದರೆ ಚಾಕು ತೆಗೆಯುವುದಿಲ್ಲ. ಇದರಿಂದ ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದದ್ದೂ ಉಂಟು, ಹೋಗಲಿ.

ಮುಂಡರಗಿ ಒಂದು ಮಾತ್ರ ಬಾಕಿ ಉಳಿದಿತ್ತು. ಡಾಕ್ಟರ ಮನೆಗೆ ಊಟಕ್ಕೆ ಹೋಗಬೇಕೆಂದು ಗಿರಿಜಕ್ಕನ ಆಸೆ. ಆದರೆ ಅವರದು ಹೊಸ ಮನೆ. ಮುಂದೆ ಗೇಟು, ಕಾರು ಹತ್ತಿಸುವ ಇಳಿಜಾರು, ಅಷ್ಟೇ. ಕಟ್ಟೆ ಇಲ್ಲ. ಹೋದ ತಿಂಗಳು ಒಂದು ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಡಾಕ್ಟರ ಫೋನ್ ಬಂತು. ಗಿರಿಜಕ್ಕನಿಗೆ ಎಷ್ಟು ಇಂಚು ಎತ್ತರ ಬೇಕೆಂದು ನೀನು ಹೇಳಿದ್ದೆ ಎಂದು ಕೇಳಿದರು. ಏತಕ್ಕೆಂದು ಕೇಳಿದೆ.

"ಗಾಡಿ ಬಗ್ಗೆ ನನ್ನ ಮಾತ ಅದ ಐತಿ ಮತ್ತ. ಕ್ರೂಸರ್ ಕಂಪನಿ ಕ್ರೂಸರ್ ಮಾಡ್ಬೇಕು," ಎಂದರು ಡಾಕ್ಟರು. "ಜಲ್ದಿ ಹೇಳು, ಗೇಟಿನ ಮುಂದ ಗೌಂಡಿ ಕಲ್ಲ ಹಿಡಕೊಂಡ ನಿಂತಾನ."