ಬಾಳೆದಿಂಡಿಗೊಂದು ತಿದ್ದುಪಡಿ

ಡಾಕ್ಟರ ಮೇಜಿನ ಮೇಲೆ ಮಹದೇವಣ್ಣ ಸ್ಕ್ಯಾನಿಂಗ್ ರಿಪೋರ್ಟ್ ಇಟ್ಟ. ಅದರ ಮೇಲೆ, ಅಂಗಿ ಜೇಬಿನಿಂದ ತೆಗೆದು, ನಾಲ್ಕು ಮಡಿಕೆಯ ಒಂದು ಪೇಪರ್ ಕಟಿಂಗ್ ಇಟ್ಟ.

ಕಳೆದ ವರ್ಷ ಇದೇ ಜಾಗದಲ್ಲಿ ನಾನು ಬರೆದ ಅಂಕಣ. ಕಿಡ್ನಿ ಕಲ್ಲು ಕರಗಿಸಿದ ಬಾಳೆದಿಂಡಿನ ಮಹಿಮೆ. (ನಿಮ್ಮಲ್ಲಿ ಹಲವರು ಮೆಚ್ಚಿ ಫೋನ್ ಮಾಡಿದ್ದಿರಿ. ಕೆಲವರು ವಾಟ್ಸಾಪಿನಲ್ಲಿ ಹಂಚಿ ಪುಣ್ಯ ಕಟ್ಟಿಕೊಂಡಿದ್ದಿರಿ.)

‘ಇದ್ರಲ್ಲಿ ಬರ್ದಂಗೇ ಕುಡ್ದಿವ್ನಿ ಸಾ. ಒಂದಿನಾನೂ ತಪ್ಪಿಸ್ನಿಲ್ಲ’ ಎಂದ.

ಡಾಕ್ಟರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಆಮೇಲೆ ನನ್ನತ್ತ ನೋಡಿದರು.

‘ಚೆನ್ನಾಗಿ ಬರೀತೀರಿ.’

ಇಷ್ಟು ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಅತ್ಯಂತ ಕಟುವಾದ ವಿಮರ್ಶೆ ಅದು. ಯಾಕೆಂದರೆ ಅವರು ನನ್ನ ಡಾಕ್ಟರೂ ಹೌದು. ನನಗಿರುವುದು ಕಲ್ಲಲ್ಲ, ಪ್ರಾಸ್ಟೇಟ್ ಕ್ಯಾನ್ಸರ್ ಎಂಬುದು ನನ್ನ ಹೆಂಡತಿಯನ್ನು ಬಿಟ್ಟರೆ ಗೊತ್ತಿದ್ದದ್ದು ಅವರೊಬ್ಬರಿಗೇ.

ಮೊದಲಿನಿಂದ ಹೇಳುತ್ತೇನೆ.

ಒಂದೂವರೆ ವರ್ಷದ ಹಿಂದೆ, ಮೈಸೂರಿನ ಅದೇ ಕೋಣೆಯಲ್ಲಿ, ಡಾಕ್ಟರು ಮೂರು ದಾರಿ ಹೇಳಿದ್ದರು. ಒಂದು, ಕತ್ತರಿ. ಇನ್ನೊಂದು, ಹೊರಗಿನಿಂದ ರೇಡಿಯೇಷನ್, ವಾರಗಟ್ಟಲೆ. ಇಲ್ಲವೇ ಒಳಗಿನಿಂದ: ಅಕ್ಕಿಕಾಳಿಗಿಂತ ಚಿಕ್ಕ ವಿಕಿರಣದ ಕಾಳುಗಳನ್ನು ಸೂಜಿಯಿಂದ ಗ್ರಂಥಿಯೊಳಗೇ ನೆಟ್ಟುಬಿಡುವುದು. ಅವು ಅಲ್ಲೇ ಕೂತು, ತಿಂಗಳುಗಟ್ಟಲೆ ಕೆಲಸ ಮಾಡಿ, ಆರಿಹೋಗುತ್ತವೆ. ಇದು ನನಗೆ ಹಿಡಿಸಿತು. ಒಂದು ಷರತ್ತಿತ್ತು. ಮೊದಮೊದಲ ವಾರಗಳಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಬಸುರಿಯರ ಪಕ್ಕ ಕೂರಬಾರದು.

ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು. ಅವಳನ್ನು ಯಾಕೆ ಎತ್ತಿಕೊಳ್ಳುತ್ತಿಲ್ಲ ಎಂದು ಸೊಸೆ ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಂಗದ ಹೆಸರು ಹೇಳಬೇಕು. ಹೃದಯವಾಗಿದ್ದರೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಾರಬಹುದು. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ಸನ್ಮಾನದ ಶಾಲಿನಂತೆ ಹೊದ್ದು ತಿರುಗುತ್ತಾರೆ. ಇದನ್ನು?

ಯೋಚಿಸಿ ಹೇಳುತ್ತೇನೆ ಎಂದೆ. ನಿಧಾನ ಬೆಳೆಯುವ ಜಾತಿಯದು, ಯೋಚಿಸಿ, ಆದರೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಬೇಡಿ ಎಂದರು. ಊರಿಗೆ ಬಂದವನು ಕಿಡ್ನಿಯಲ್ಲಿ ಕಲ್ಲು ಎಂದು ಘೋಷಿಸಿದೆ. ಕಲ್ಲು ಮರ್ಯಾದಸ್ಥರ ಕಾಯಿಲೆ.

ಮಹದೇವಣ್ಣ ಗುಂಡ್ಲುಪೇಟೆ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ತೆರಕಣಾಂಬಿಯಲ್ಲಿ ಬಾಳೆ ಬೆಳೆಯುತ್ತಾನೆ. ಸುದ್ದಿ ಕೇಳಿದ್ದೇ ವಾರಕ್ಕೊಮ್ಮೆ ಬಸ್ಸಿನಲ್ಲಿ ದಿಂಡು ಹೊತ್ತು ತರತೊಡಗಿದ. ಅವನೆದುರು ಒಂದು ಲೋಟ ರಸ ಕುಡಿದು, ಉಳಿದ ದಿಂಡನ್ನು ಪಕ್ಕದ ಮನೆಯ ಹಸುವಿಗೆ ಹಾಕುತ್ತಿದ್ದೆ. ಎರಡು ತಿಂಗಳಾದ ಮೇಲೆ, ಅವನ ಹೊರೆ ನೋಡಲಾರದೆ, ಕಲ್ಲು ಕರಗಿತು ಎಂದೆ.

ಅಷ್ಟಕ್ಕೇ ಬಾಯಿ ಮುಚ್ಚಬಾರದೆ? ಆ ವಾರ ಬರೆಯಲು ಬೇರೆ ವಿಷಯ ಇರಲಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರ ನಿಂತು ನಿಂತು ಬರುವುದು, ಎಲ್ಲವನ್ನೂ ರಸವತ್ತಾಗಿ ಬಣ್ಣಿಸಿದೆ. ಲಕ್ಷಣಗಳು ನಿಜ, ಕಾಯಿಲೆ ಸುಳ್ಳು.

ಆ ಲಕ್ಷಣಗಳಲ್ಲಿ ಮಹದೇವಣ್ಣ ತನ್ನನ್ನು ಕಂಡುಕೊಂಡ. ಅವನೂ ಯಾರಿಗೂ ಹೇಳಲಿಲ್ಲ. ತೋಟದ ತುಂಬ ದಿಂಡಿರುವಾಗ ಡಾಕ್ಟರು ಯಾಕೆ? ಒಂದು ವರ್ಷ ಕುಡಿದ. ಸೊಂಟನೋವು ವಿಪರೀತವಾದಾಗ ಒಂದು ಸ್ಕ್ಯಾನ್ ಮಾಡಿಸಿ, ನನ್ನ ಬಳಿ ಬಂದು, ‘ನಿನ್ ಕಲ್ಲಿನ್ ಡಾಕ್ಟ್ರ ತಾವ್ಕೇ ಕರ್ಕೊಂಡೋಗ್ಲಾ’ ಎಂದ.

ಅವನು ರಕ್ತ ಕೊಡಲು ಹೊರಗೆ ಹೋದಾಗ ಡಾಕ್ಟರು ಹೇಳಿದರು. ಅವನದೂ ಅದೇ ಕಾಯಿಲೆ. ಮೂಳೆಗೆ ಹೋಗಿದೆ. ಕಾಳು ನೆಡುವುದು ಕಾಯಿಲೆ ಗ್ರಂಥಿಯೊಳಗೇ ಇರುವವರಿಗೆ. ಅವನಿಗೆ ಆ ದಾರಿ ಮುಚ್ಚಿತು. ಇನ್ನು ಮಾತ್ರೆ, ಇಂಜೆಕ್ಷನ್ನು, ತಡೆದಷ್ಟು ದಿನ. ವರ್ಷದ ಹಿಂದೆಯೇ ಬಂದಿದ್ದರೆ ಎಂದು ಕೇಳಿದೆ. ಹೇಳಲಾಗುವುದಿಲ್ಲ, ಆಗಲೇ ಹೋಗಿತ್ತೋ ಏನೋ ಎಂದರು. ಅದು ವೈದ್ಯಶಾಸ್ತ್ರವೋ, ನನ್ನ ಮೇಲಿನ ಕನಿಕರವೋ? ಕೇಳುವ ಧೈರ್ಯವಾಗಲಿಲ್ಲ.

ವಾಪಸು ರೈಲಿನಲ್ಲಿ, ನಂಜನಗೂಡು ದಾಟಿದ ಮೇಲೆ, ಅವನದನ್ನೂ ನನ್ನದನ್ನೂ ಎಲ್ಲ ಹೇಳಿದೆ. ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡ. ಬಯ್ಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

‘ನಾ ತಂದ್ಕೊಟ್ಟ ದಿಂಡ್ನೆಲ್ಲ ಏನ್ಲಾ ಮಾಡ್ದೆ?’

ಪಕ್ಕದ ಮನೆಯ ಹಸುವಿಗೆ ಎಂದೆ.

‘ಅಸ ಚೆಂದಾಗದಾ?’ ಎಂದ.

ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ನನ್ನದು ಇನ್ನೂ ಗ್ರಂಥಿಯೊಳಗೇ ಇದೆಯಂತೆ, ಕಾಳು ನೆಡಿಸಿಕೊಳ್ಳಲು ಅಡ್ಡಿಯಿಲ್ಲವಂತೆ. ಮನೆಗೆ ಬಂದು ಸೊಸೆಯನ್ನು ಕರೆದು ಕೂರಿಸಿ, ಅಂಗದ ಹೆಸರು ಹೇಳಿದೆ. ಅವಳು ‘ಬೇಗ ಮಾಡಿಸ್ಕೊಳ್ಳಿ ಮಾವ, ಪಾಪುನ ನಾನು ನೋಡ್ಕೋತೀನಿ’ ಎಂದು ಒಗ್ಗರಣೆ ಹಾಕಲು ಎದ್ದುಹೋದಳು. ಇಷ್ಟೇ. ಇಷ್ಟಕ್ಕೆ ಒಂದೂವರೆ ವರ್ಷ.

ಪತ್ರಿಕಾಧರ್ಮದಂತೆ ತಿದ್ದುಪಡಿ: ಕಳೆದ ವರ್ಷದ ಅಂಕಣದಲ್ಲಿ ‘ಕಲ್ಲು’ ಎಂದಿರುವಲ್ಲೆಲ್ಲ ‘ಪ್ರಾಸ್ಟೇಟ್ ಕ್ಯಾನ್ಸರ್’ ಎಂದೂ, ‘ಕರಗಿತು’ ಎಂದಿರುವಲ್ಲಿ ‘ಕರಗಲಿಲ್ಲ’ ಎಂದೂ ಓದಿಕೊಳ್ಳತಕ್ಕದ್ದು.

ಒಂದು ಕಟಿಂಗ್ ಮಹದೇವಣ್ಣನ ಜೇಬಿನಲ್ಲಿ ಸಿಕ್ಕಿತು. ಇನ್ನೆಷ್ಟು ಜೇಬುಗಳಲ್ಲಿವೆ?