ಒದ್ದೆ ಎಲೆ ಬಾರದ ಮನೆ

ಮೊನ್ನೆ ಚಿಕ್ಕಬಳ್ಳಾಪುರದ ನಮ್ಮ ಬಾಡಿಗೆ ಮನೆಯ ಸಂಪು ತೊಳೆಯಲು ಬಂದವನು ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿದ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನಾನು ಒಂಬತ್ತು ವರ್ಷದವಳಾಗಿ ಶಿಡ್ಲಘಟ್ಟದ ಕಡೆಯ ನಮ್ಮ ಹಳ್ಳಿಮನೆಯ ಹೊಸ್ತಿಲಲ್ಲಿ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಟ್ಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳಕ್ಕೆ ಸೋಂಕು ತಗಲೀತೆಂದು, ಆ ತಟ್ಟು ತುಳಿಯದೆ ನೆಂಟರೂ ಒಳಗೆ ಬರುವಂತಿರಲಿಲ್ಲ. ದೊಡ್ಡ ಹಜಾರವೆಲ್ಲ ಹುಳುವಿನ ತಟ್ಟೆಗಳ ಸಾಲು. ನಾವು ಮುಂದಿನ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದೆವು. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಪಕ್ಕದ ಕೋಣೆಯಲ್ಲಿ ಯಾರೋ ಹಳೇ ಪೇಪರನ್ನು ಬಿಡದೆ ಮುದುರುತ್ತಿರುವ ಸದ್ದು ಅದು. ಮಳೆ ಅಂದರೆ ಕೇಳಲು ಚೆಂದ ಅಂತ ಮಳೆ ಅನ್ನುತ್ತೇವೆ. ನೆನಪಿನ ಜೊತೆ ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ಆ ಮನೆಯ ಕಾನೂನೆಲ್ಲ ಅಜ್ಜಿಯದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಒದ್ದೆ ಎಲೆ ಒಳಗೆ ಬರಕೂಡದು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ ಬರುತ್ತದೆ, ಒಂದು ತಟ್ಟೆಗೆ ಬಂದರೆ ಮನೆಯೆಲ್ಲ ಹೋಗುತ್ತದೆ. ಸೊಪ್ಪು ಬಾಡದಿರಲೆಂದು ರಾಶಿಯ ಮೇಲೆ ಹಸಿ ಗೋಣಿ ಹೊದಿಸುತ್ತಿದ್ದರು ನಿಜ, ಆದರೆ ಎಲೆಯ ಮೇಲೆ ಒಂದು ಹನಿ ಕಂಡರೂ ಅಜ್ಜಿ ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳು. ಮಳೆಗಾಲದಲ್ಲಿ ಫ್ಯಾನು ತಿರುಗುತ್ತಿದ್ದದ್ದು ಸೊಪ್ಪಿಗೆ, ನಮಗಲ್ಲ. ಈ ಕಾನೂನುಗಳ ನಡುವೆ ಓಡಾಡಿಕೊಂಡಿದ್ದವಳು ರತ್ನತ್ತೆ, ಅಪ್ಪನ ತಂಗಿ, ಆಗಿನ್ನೂ ಮದುವೆಯಾಗಿರಲಿಲ್ಲ. ಸೊಪ್ಪು ಕೊಯ್ಯುವುದು, ಹಾಕುವುದು, ಹುಳುವಿನ ಕಸ ತೆಗೆಯುವುದು ಎಲ್ಲ ಅವಳದೇ. ಒಮ್ಮೆ ನಾನು ಓಡಿ ಬಂದು ಒಂದು ತುಂಬು ತಟ್ಟೆಗೆ ಗುದ್ದಿದೆ, ಹುಳುವೆಲ್ಲ ನೆಲಕ್ಕೆ ಚೆಲ್ಲಿದವು. ಅಜ್ಜಿ ಒಳಗಿನಿಂದ ಕೂಗುತ್ತ ಬರುವಷ್ಟರಲ್ಲಿ ಅತ್ತೆ ನನ್ನನ್ನು ಬೆನ್ನಿನ ಹಿಂದೆ ಎಳೆದುಕೊಂಡು, "ನಾನೇ ಕಣಮ್ಮ, ಕೈ ಜಾರ್ತು" ಅಂದಳು. ಎಷ್ಟು ಸಲೀಸಾಗಿ ಅಂದಳೆಂದರೆ, ಒಂದು ಗಳಿಗೆ ನನಗೂ ಅದು ಅವಳೇ ಬೀಳಿಸಿದ್ದು ಅನ್ನಿಸಿತು.

ಆ ಅತ್ತೆ ತನ್ನದು ಅಂತ ಇಟ್ಟುಕೊಂಡಿದ್ದು ಒಂದೇ ಒಂದು ಜೀವ, ಒಂದು ಗೋಸುಂಬೆ. ಸೊಪ್ಪಿನ ತೋಟದ ಬೇಲಿಯಲ್ಲಿ ಹುಡುಗರು ಅದಕ್ಕೆ ಕಲ್ಲು ಹೊಡೆಯುತ್ತಿದ್ದರಂತೆ. ಅದು ದೂರದಿಂದಲೇ ರಕ್ತ ಹೀರುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಅತ್ತೆ ಅದನ್ನು ಕಡ್ಡಿ ಸಮೇತ ಮುರಿದು ತಂದು ಅಂಗಳದ ದಾಳಿಂಬೆ ಗಿಡದಲ್ಲಿ ಬಿಟ್ಟಳು. ಒಂದು ಕಾಲೆತ್ತಿದರೆ ಅದನ್ನು ಇಡಬೇಕೋ ಬೇಡವೋ ಎಂದು ಹಿಂದೆ ಮುಂದೆ ತೂಗಾಡುತ್ತ ಯೋಚಿಸುತ್ತಿತ್ತು. ಹಾಗಾಗಿ ನಿಧಾನಪ್ಪ ಎಂದು ಹೆಸರಿಟ್ಟಳು. "ನಮ್ಮನೇಲಿ ಇವನೊಬ್ಬನೇ ಕಣೇ, ಯಾರ ಮಾತಿಗೂ ಎದ್ದು ಓಡಲ್ಲ" ಅನ್ನುತ್ತಿದ್ದಳು. ಅವಳು ಬೆಳಿಗ್ಗೆ ಆ ಗಿಡದ ಬುಡದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ನಾನು ಮಿಡತೆ ಹಿಡಿದು ಕೊಡುತ್ತಿದ್ದೆ. ಅವನ ನಾಲಗೆ ಬಂದು ಹೋದದ್ದು ಕಾಣಿಸುತ್ತಿರಲಿಲ್ಲ, ನನ್ನ ಬೆರಳಲ್ಲಿದ್ದ ಮಿಡತೆ ಮಾತ್ರ ಇರುತ್ತಿರಲಿಲ್ಲ. ಎರಡು ಹುಳುವಿನ ಬೆಳೆ ಮುಗಿಯುವವರೆಗೆ ಅಲ್ಲೇ ಇದ್ದ. ಆಮೇಲೊಂದು ದಿನ ಕಾಗೆಗಳು ಮುತ್ತಿಕೊಂಡವೆಂದು ಅತ್ತೆ ಅವನನ್ನು ಒಳಗೆ ತಂದು, ಅಡುಗೆಮನೆಯ ಕಿಟಕಿಯಲ್ಲಿ ಹಿಪ್ಪುನೇರಳೆಯ ಕೊಂಬೆಯೊಂದನ್ನು ಸಿಕ್ಕಿಸಿ ಅದರ ಮೇಲೆ ಕೂರಿಸಿದಳು. ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ನೀರು. ಅದರ ಕಡೆ ಅವನು ಕಣ್ಣು ಕೂಡ ತಿರುಗಿಸಲಿಲ್ಲ. ವಾರ ಕಳೆದು ತಿನ್ನುವುದನ್ನು ಬಿಟ್ಟ.

ಇಲ್ಲಿಂದ ಮುಂದಿನದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಮಿಡತೆ ಹಿಡಿದು ಬಾಯಿಯ ಹತ್ತಿರ ತಂದೆ. ಒಂದು ಕಣ್ಣು ಅದನ್ನು ನೋಡಿತು, ಇನ್ನೊಂದು ಗೋಡೆ ನೋಡಿತು, ನಾಲಗೆ ಬರಲಿಲ್ಲ. ಹಸಿರು ಮಿಡತೆ ಬೇಡವೆಂದು ಕಂದು ಮಿಡತೆ ತಂದೆ. ನೊಣ ತಂದೆ. ಹುಳುವಿಗೇ ಶನಿಯಾದ ಊಜಿ ನೊಣವನ್ನು ಹಿಡಿದು ರೆಕ್ಕೆ ಕಿತ್ತು ಕೊಟ್ಟೆ. ಅತ್ತೆ ಅವನನ್ನು ಬಟ್ಟೆಯಲ್ಲಿ ಹಿಡಿದಳು, ನಾನು ಪೊರಕೆ ಕಡ್ಡಿಯಿಂದ ಬಾಯಿ ಬಿಡಿಸಲು ನೋಡಿದೆ. ಅವನು ಮೈ ಉಬ್ಬಿಸಿ ಬುಸ್ಸೆಂದ, ಕಪ್ಪಗಾದ. "ತಿನ್ನೋ, ನಿನ್ ಕಾಲಿಗೆ ಬೀಳ್ತೀನಿ ತಿನ್ನೋ" ಎಂದು ಅತ್ತೆ ಬೇಡಿಕೊಂಡಳು. ನೋಡುತ್ತ ನಿಂತಿದ್ದ ಅಜ್ಜಿ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

"ಏಮೇ ರತ್ನ, ಇಷ್ಟು ವರ್ಷ ಹುಳ ಸಾಕಿದ್ದೀಯ. ಹುಳ ತಿನ್ನೋದು ಬಿಟ್ರೆ ಏನ್ ಮಾಡ್ತೀವಿ?"

"ಸುಮ್ನಿರ್ತೀವಿ."

"ಮತ್ತೆ? ತಲೆ ಎತ್ಕೊಂಡು ಕೂತವನೆ ನೋಡು. ಪೊರೆ ಬಿಡ್ತಾನೆ. ಮುಟ್ಟಬೇಡ, ತಿನ್ಸಬೇಡ, ಒಣಗಿದ ಕಡೆ ಇಡು. ಎದ್ದಮೇಲೆ ನಿನ್ನನ್ನೇ ತಿಂತಾನೆ."

ಅಜ್ಜಿ ತಮಾಷೆಗೆ ಹೇಳಿದ್ದಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಕಲ್ಲಿನ ಹಾಗೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ; ಸುಣ್ಣದ ಪುಡಿ ಉದುರಿಸಿ ಹುಳುವಿನ ಹಾಸಿಗೆ ಒಣಗಿಸಿ ಕಾಯಬೇಕು, ಅಷ್ಟೆ. ಆ ಮನೆಯಲ್ಲಿ ನಾವೆಲ್ಲ ಕಲಿತಿದ್ದ ತಾಳ್ಮೆ ಅದೊಂದೇ. ಅದು ಎಂದೂ ಕೈಕೊಟ್ಟಿರಲಿಲ್ಲ. ಅಜ್ಜಿಯೇ ಬಂದು ನಿಧಾನಪ್ಪನ ಕೊಂಬೆಯ ಕೆಳಗೆ ಸುಣ್ಣ ಉದುರಿಸಿ, ನೀರಿನ ಚಿಪ್ಪು ಎತ್ತಿಕೊಂಡು ಹೋದಳು. ನಾಲ್ಕು ದಿನ ಕಾದೆವು. ದಿನಾ ಶಾಲೆಯಿಂದ ಓಡಿ ಬಂದು ನೋಡುತ್ತಿದ್ದೆ. ಪೊರೆ ಎಲ್ಲೂ ಬಿರಿದಿರಲಿಲ್ಲ. ಕಣ್ಣುಗಳು ಮಾತ್ರ ಒಳಗೆ ಇಳಿಯುತ್ತಿದ್ದವು.

ಐದನೇ ದಿನ ಹುಳುವೆಲ್ಲ ಕೊನೆಯ ಜ್ವರಕ್ಕೆ ಕೂತವು. ಸೊಪ್ಪು ಹಾಕುವ ಕೆಲಸವಿರಲಿಲ್ಲ. ಅತ್ತೆ ಅಜ್ಜಿಗೆ ಬಟ್ಟೆ ಅಂಗಡಿಗೆ ಹೋಗಿ ಬರ್ತೀನಿ ಎಂದು ಹೇಳಿ, ನಿಧಾನಪ್ಪನನ್ನು ಕೊಂಬೆ ಸಮೇತ ವೈರ್ ಬುಟ್ಟಿಯಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಪೇಟೆಯ ದನದ ಆಸ್ಪತ್ರೆಗೆ ಹೊರಟಳು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಬುಟ್ಟಿಯಲ್ಲೇನಮ್ಮ ಅಂದಳು. "ನೆಂಟ್ರು" ಅಂದಳು ಅತ್ತೆ. ಹೆಂಗಸು ಬಗ್ಗಿ ನೋಡಿ ಎದ್ದು ಹಿಂದಿನ ಸೀಟಿಗೆ ಹೋದಳು. ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಹಸು, ಹಿಂದೆ ಒಂದು ಕುರಿ. ಡಾಕ್ಟರು ಒಳ್ಳೆಯವರು, ನಗಲಿಲ್ಲ. ನಿಧಾನಪ್ಪನನ್ನು ತಿರುಗಿಸಿ ನೋಡಿದರು. "ಇಷ್ಟು ಸಣ್ಣದಕ್ಕೆ ನನ್ ಹತ್ರ ಸೂಜೀನೂ ಇಲ್ಲಮ್ಮ, ಔಷಧೀನೂ ಇಲ್ಲ. ಇದನ್ನ ಸಾಕಬಾರದು ಕೂಡ, ಅರಣ್ಯ ಇಲಾಖೆಯೋರು ಕೇಳ್ತಾರೆ. ತಗೊಂಡೋಗಿ ಬೇಲೀಲಿ ಬಿಟ್ಬಿಡಿ." ಅತ್ತೆ, "ಈ ಸ್ಥಿತೀಲಿ ಬಿಟ್ರೆ ಕಾಗೆ ತಿನ್ನುತ್ತೆ ಸಾರ್" ಅಂದಳು. ಅವರು ಮುಂದಿನ ಕುರಿಯ ಕಡೆ ನೋಡಿದರು.

ಅತ್ತೆ ಬಸ್ಸು ಕೇಳಿಕೊಂಡು ಬರಲು ರಸ್ತೆಗೆ ಹೋದಾಗ ನಾನು ಆಸ್ಪತ್ರೆಯ ಅಂಗಳದಲ್ಲಿ ನಲ್ಲಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ನಲ್ಲಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ದನಕ್ಕೆ ನೀರಿಡುವ ಬಾನಿಯೊಳಗೆ ಬಿದ್ದ ನೀರು ಸಿಡಿದು ಬುಟ್ಟಿಯೊಳಗಿನ ಹಿಪ್ಪುನೇರಳೆ ಎಲೆಗಳ ಮೇಲೆ ಕೂರುತ್ತಿತ್ತು. ಒದ್ದೆ ಎಲೆ ಕಂಡ ಕೂಡಲೇ ನನ್ನ ಕೈ ಒರೆಸಲು ಮುಂದೆ ಹೋಯಿತು, ಅಷ್ಟು ರೂಢಿಯಾಗಿತ್ತು. ಆಗ ನಿಧಾನಪ್ಪ ಕತ್ತು ಚಾಚಿದ. ಎಲೆಯ ತುದಿಯ ಹನಿಗೆ ಬಾಯಿ ಇಟ್ಟ. ಇನ್ನೊಂದು ಹನಿ. ಗಂಟಲು ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಕುಡಿಯುವುದು ಎಲೆಯಿಂದ, ಚಿಪ್ಪಿನಿಂದಲ್ಲ. ದಾಳಿಂಬೆ ಗಿಡದ ಮೇಲೆ ಪಾತ್ರೆ ತೊಳೆದ ನೀರು ದಿನಾ ಸಿಡಿಯುತ್ತಿತ್ತು. ಇದು ನನಗೆ ಆಗಲೇ ಹೊಳೆಯಿತೋ, ದೊಡ್ಡವಳಾದ ಮೇಲೆ ನಾನೇ ತಂದು ಅಲ್ಲಿ ಸೇರಿಸಿದೆನೋ, ಹೇಳಲಾರೆ. ಬಸ್ಸು ಬಂತೆಂದು ಅತ್ತೆ ಕೂಗಿದಳು. ಓಡಿದೆವು.

ಅವಳಿಗೆ ಹೇಳಿದೆನೇ? ಒಂದು ನೆನಪಿನಲ್ಲಿ ನಾನು ಬಸ್ಸಿನಲ್ಲಿ, "ಅತ್ತೆ, ನಿಧಾನಪ್ಪ ನೀರು ಕುಡ್ದ" ಅನ್ನುತ್ತೇನೆ, ಅವಳು ಕಿಟಕಿಯಾಚೆ ನೋಡುತ್ತ "ಹೂಂ" ಅನ್ನುತ್ತಾಳೆ. ಇನ್ನೊಂದರಲ್ಲಿ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೇನೆ. ಎರಡರಲ್ಲೂ ಸೀಟಿನ ಬಣ್ಣ ಒಂದೇ, ಹರಿದ ನೀಲಿ. ಯಾವುದು ನಡೆದದ್ದು, ಯಾವುದು ನನಗೆ ಬೇಕಾದದ್ದು ಎಂದು ಎಷ್ಟು ಹಿಂಡಿದರೂ ಆ ನೀಲಿ ಸೀಟು ಬಾಯಿ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಹುಳು ಎದ್ದವು. ಕೊನೆಯ ಜ್ವರ ಎದ್ದ ಹುಳುವಿನ ಹಸಿವು ಗೊತ್ತಿದ್ದವರಿಗೆ ಆ ದಿನಗಳೂ ಗೊತ್ತು. ಮನೆಯವರೆಲ್ಲ ಸೊಪ್ಪು ಹೊತ್ತರು, ನಾನೂ ಶಾಲೆಗೆ ಹೋಗಲಿಲ್ಲ. ಸಾವಿರಾರು ಬಾಯಿಗಳು ತಿನ್ನುತ್ತಿದ್ದ ಮನೆಯಲ್ಲಿ ಒಂದು ಬಾಯಿ ಮುಚ್ಚಿಕೊಂಡೇ ಇತ್ತು, ಕಿಟಕಿಯಲ್ಲಿ, ಸುಣ್ಣದ ಮೇಲೆ, ಒಣಗಿದ ಎಲೆಗಳ ನಡುವೆ. ಮೂರನೇ ದಿನ ಅತ್ತೆ ಹೋಗಿ ಮುಟ್ಟಿದಾಗ ಅವನು ಸತ್ತು ಗಟ್ಟಿಯಾಗಿದ್ದ. ಬಿದ್ದಿರಲಿಲ್ಲ, ಕೊಂಬೆಯನ್ನು ಹಿಡಿದುಕೊಂಡೇ ಇದ್ದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಜ್ಜಿ ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತು, ಅವತ್ತು ಮೊದಲ ಸಲ, ಬೇಗ ಬಾ ಎಂದು ಕೂಗಲಿಲ್ಲ. ದಾಳಿಂಬೆ ಬುಡದಲ್ಲಿ ಹೂತೆವು ಎಂದು ಬರೆಯಲು ಕೈ ಹೋಗುತ್ತಿದೆ. ನನಗೆ ನೆನಪಿಲ್ಲ.

ಅಜ್ಜಿ ಈಗಿಲ್ಲ. ಮನೆ ಪಾಲಾಗಿ, ಮಾರಾಟವಾಗಿ, ಹಜಾರವಿದ್ದ ಕಡೆ ಯಾರದೋ ದ್ರಾಕ್ಷಿ ತುಂಬುವ ಗೋಡೌನು ಬಂದಿದೆ. ದಾಳಿಂಬೆ ಗಿಡದ ಜಾಗದಲ್ಲಿ ಲಾರಿ ತಿರುಗಿಸುತ್ತಾರೆ. ಸಂಪು ತೊಳೆಸಿದ ಸಂಜೆ ಗೌರಿಬಿದನೂರಿನಲ್ಲಿರುವ ರತ್ನತ್ತೆಗೆ ಫೋನು ಮಾಡಿದೆ. ಮೊಮ್ಮಗಳ ಶಾಲೆಯ ಮಾತೆಲ್ಲ ಮುಗಿಯಲು ಬಿಟ್ಟು ಕೇಳಿದೆ: ಆ ದಿನ ಬಸ್ಸಿನಲ್ಲಿ, ನಿಧಾನಪ್ಪ ಎಲೆ ಮೇಲಿನ ನೀರು ಕುಡಿದ ಅಂತ ನಾನು ನಿಂಗೆ ಹೇಳಿದ್ನಾ ಅತ್ತೆ?

ಅವಳು ಎದ್ದು ಹೋಗಿ ಟೀವಿಯ ಸದ್ದು ತಗ್ಗಿಸಿ ಬಂದಳು. ನೆನಪು ಮಾಡಿಕೊಳ್ಳಲು ಅಷ್ಟು ಹೊತ್ತು ಸಾಕು. ಏನು ಹೇಳಬೇಕೆಂದು ತೀರ್ಮಾನಿಸಲೂ ಸಾಕು.

"ಹೇಳಿದ್ದೆ. ನೀನು ಹೇಳಿದ್ದೆ. ನಾನೇ ಕಣಮ್ಮ, ಒದ್ದೆ ಎಲೆ ಒಳಗೆ ತರಕ್ಕೆ ಧೈರ್ಯ ಮಾಡ್ಲಿಲ್ಲ."

ಅಷ್ಟೇ ಸಲೀಸಾಗಿ ಅಂದಳು. ತಟ್ಟೆ ಬಿದ್ದ ದಿನ ಅವಳ ಬೆನ್ನಿನ ಹಿಂದೆ ನಿಂತು ಕೇಳಿದ್ದು ಇದೇ ದನಿ. ಈ ತಪ್ಪೊಂದನ್ನಾದರೂ ನನಗೆ ಬಿಡು ಅತ್ತೆ, ಅನ್ನಬೇಕೆನಿಸಿತು. ಅದರ ಬದಲು, ಆ ಕಡೆ ಮಳೆಯಾಯಿತಾ ಎಂದು ಕೇಳಿದೆ.

"ಈಗ ಹನಿ ಹಾಕ್ತಾ ಇದೆ" ಅಂದಳು. "ಹೊರಗೆ ಬಟ್ಟೆ ಇದಾವೆ. ಫೋನ್ ಇಡ್ತೀನಿ ಕಣಮ್ಮ."