ಹಸಿ ಎಲೆಯ ಪಾಠ

ಟೀಚರ್ ಫೋನ್ ಮಾಡಿದಾಗ, ಲೇಖನ ಚೆನ್ನಾಗಿದೆ ಎಂದು ಹೇಳಲಿಕ್ಕಿರಬೇಕು ಎಂದುಕೊಂಡೆ. ಅವರ ಬಗ್ಗೆಯೇ ಬರೆದದ್ದು. ಹುಣಸೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿರುವ ಅವರಿಗೆ ಪತ್ರಿಕೆಯನ್ನು ನಾನೇ ಅಂಚೆಯಲ್ಲಿ ಕಳಿಸಿದ್ದೆ. ಎಂಬತ್ತು ದಾಟಿದ ದನಿ ಸ್ವಲ್ಪ ನಡುಗುತ್ತಿತ್ತು.

"ಹಸಿ ಎಲೆ ಅಂತ ಬರೆದಿದ್ದೀರಿ," ಎಂದರು. "ಹಸೀನೇ ಅಂತ ನಿಮಗೆ ಖಾತ್ರಿ ಇದೆಯಾ?"

ಏನು ಕೇಳುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಇರಬಹುದು ಟೀಚರ್, ಎಂದೆ.

"ಇರಬಹುದು ಅನ್ನೋದು ಬೇಡ. ಭಾನುವಾರ ಬನ್ನಿ."

ನಾಲ್ಕು ವರ್ಷದವನಿದ್ದಾಗಲೂ ಅವರು ನನಗೆ ಬನ್ನಿ ಎಂದೇ ಹೇಳುತ್ತಿದ್ದರು. ಕೆ.ಆರ್. ನಗರದ ಕಡೆಯ, ನಾಲೆ ನೀರಿನ ಭತ್ತದ ಸೀಮೆಯವರು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಬೆಟ್ಟದಪುರದ ಹತ್ತಿರದ ನಮ್ಮ ಊರಿಗೆ ಬಂದಾಗ, ಆರು ವರ್ಷದೊಳಗಿನ ಮಗುವಿಗೆ ಕಲಿಸುವುದೊಂದು ಇದೆ ಎಂದು ಆ ಸುತ್ತಿನಲ್ಲಿ ಯಾರೂ ಯೋಚಿಸಿರಲಿಲ್ಲ. ಯಾರೋ ಬಿಟ್ಟುಕೊಟ್ಟ ಹಳೆಯ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಎತ್ತರದ ಕತ್ತಲೆ ಮನೆಯಲ್ಲಿ, ಗೋಡೆಗೆ ಎರಡು ಕಿಟಕಿ ಒಡೆಸಿ ಶಿಶುವಿಹಾರ ಶುರು ಮಾಡಿದರು. ಆರು ತುಂಬುವವರೆಗೆ ಸ್ಲೇಟು ಮುಟ್ಟಿಸುತ್ತಿರಲಿಲ್ಲ. ಮಗು ತನ್ನ ನೀರನ್ನು ತಾನೇ ಬಗ್ಗಿಸಿಕೊಳ್ಳಬೇಕು, ಚೆಲ್ಲಿದರೆ ತಾನೇ ಒರೆಸಬೇಕು. ಅವರೆಕಾಯಿ ಸುಲಿಯಬೇಕು, ರಾಗಿಯಲ್ಲಿ ಕಲ್ಲು ಆರಿಸಬೇಕು. ಹೊಡೆಯುವಂತಿಲ್ಲ, ಏಕವಚನ ಆಡುವಂತಿಲ್ಲ. ಅಂಗಡಿಯಿಂದ ತಂದ ಆಟದ ಸಾಮಾನು ಒಂದೂ ಇರಲಿಲ್ಲ. ಮಗು ಮನೆಯಲ್ಲಿ ಏನನ್ನು ಕಂಡಿದೆಯೋ ಅದರಿಂದಲೇ ಕಲಿಯಬೇಕು ಎನ್ನುವುದು ಅವರ ಹಟ.

ಊರಿನ ಗಂಡಸರಿಗೆ ಇದೆಲ್ಲ ತಮಾಷೆ. "ಸಿಂಬ್ಳ ಸುರಿಸ್ಕಂಡು ಬರೋ ಐಕ್ಳಿಗೆ ಬನ್ನಿ, ಕೂತ್ಕೊಳ್ಳಿ ಅಂತಾರೆ ಕಣ್ಲಾ. ನಾಳೆ ನಾವು ಎಮ್ಮೇಗೂ ದಯಮಾಡ್ಸಿ ಅನ್ಬೇಕಾಯ್ತದೆ ಬುಡು." ಈ ಮಾತನ್ನು ನಾನೇ ಕೇಳಿದೆನೋ ಅಥವಾ ಮನೆಯಲ್ಲಿ ಹೇಳಿ ಹೇಳಿ ನನ್ನದಾಯಿತೋ ತಿಳಿಯದು. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವನು. ನೆನಪು ಎತ್ತಿಟ್ಟ ಗಂಟಲ್ಲ, ಬಿಚ್ಚಿದಾಗಲೆಲ್ಲ ಹೊಸದಾಗಿ ಕಟ್ಟುವಂಥದ್ದು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವನು. ಆಮೇಲೆ ಯಾವ ಕೆಲಸದಲ್ಲೂ ಮೂರು ನಾಲ್ಕು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಕಲಿತ ಆ ಒಂದು ಅನುಮಾನ ಮಾತ್ರ ಜೊತೆಗೆ ಉಳಿಯಿತು. ಆದರೂ ಆ ಲೇಖನ ಬರೆಯುವಾಗ ಅದು ಎಲ್ಲಿ ಹೋಗಿತ್ತೋ.

ಲೇಖನದಲ್ಲಿ ನಾನು ಹೊಗಳಿದ್ದು ಅವರ ಎಣಿಕೆಯ ಪಾಠವನ್ನು. ಹೊಗೆಸೊಪ್ಪು ಕೊಯ್ದ ದಿನ ನಮ್ಮ ಕಡೆ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕೋಲಿಗೆ ದಾರದಲ್ಲಿ ಕಟ್ಟುತ್ತಾರೆ. ಆಗೆಲ್ಲ ಪಕ್ಕದಲ್ಲಿ ಮನೆಯ ಮಗು ಕೂತು ಎಲೆಯನ್ನು ಮೂರು ಮೂರಾಗಿ ಜೋಡಿಸಿ ತಾಯಿಯ ಕೈಗೆ ಕೊಡುತ್ತಿತ್ತು. ಬಾಯಿಗೆ ಒಂದು, ಎರಡು ಬಾರದ ಮಗುವಿನ ಕೈಗೂ ಮೂರು ಗೊತ್ತಿರುತ್ತಿತ್ತು. ಬೇರೆ ಸೀಮೆಯಿಂದ ಬಂದ ಟೀಚರ್ ಇದನ್ನು ಗಮನಿಸಿದರು. ಕೈಗೆ ಗೊತ್ತಿರುವ ಮೂರನ್ನೇ ಹಿಡಿದು ಆರು, ಒಂಬತ್ತು ಕಲಿಸಿದರು. ಇದನ್ನು ವಿವರಿಸುತ್ತಾ ನಾನು ಬರೆದಿದ್ದೆ: ಮಳೆ ಹಿಡಿದ ಒಂದು ಬೆಳಿಗ್ಗೆ, ನೀರಿಳಿಯುವ ಹಸಿ ಎಲೆಗಳ ರಾಶಿಯ ಮುಂದೆ ನಾವು ಕೂತಿದ್ದೆವು, ನನ್ನ ಪಕ್ಕ ತಲೆ ಬೋಳಿಸಿದ್ದ ಒಬ್ಬ ಹುಡುಗಿ, ಅವಳ ಕೈ ನನ್ನ ಕೈಗಿಂತ ಚುರುಕು.

ಭಾನುವಾರ ಹುಣಸೂರಿನಲ್ಲಿ ಟೀಚರ್ ಆ ಪುಟವನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಮುಡಿ ಕೊಟ್ಟು ತಲೆ ಬೋಳಿಸಿದ್ದವರು ಆ ವರ್ಷ ಒಬ್ಬರೇ," ಎಂದರು. "ಯಾರು ಅಂತ ಗೊತ್ತು ತಾನೆ?"

ಗೊತ್ತಿತ್ತು. ಆ ಹುಡುಗಿ ಆ ವರ್ಷವೇ ತೀರಿಹೋದಳು ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೊದಲೇ ಬಹಳ ದಿನ ಜ್ವರ ಬಂದು ಸೊರಗಿದ್ದ ಮಗು. ಬೆಳಿಗ್ಗೆ ಶಿಶುವಿಹಾರಕ್ಕೆ ಬಂದಿದ್ದಳು, ಮಧ್ಯಾಹ್ನ ಸೊಪ್ಪು ಕೊಡಲು ಆಳಿಲ್ಲವೆಂದು ತಾಯಿ ಕರೆದುಕೊಂಡು ಹೋದಳು, ಸಂಜೆಗೆ ವಾಂತಿ ಶುರುವಾಯಿತು. ಹಸಿ ಸೊಪ್ಪಿನ ನೀರು ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ. ನಮ್ಮ ಕಡೆ ಆಗ ಯಾರೂ ಅದನ್ನು ಕಾಯಿಲೆ ಎಂದು ಕರೆಯುತ್ತಿರಲಿಲ್ಲ. ಕೊಯ್ಲಿನ ಮೊದಲ ವಾರ ಎಲ್ಲರಿಗೂ ತಲೆ ಸುತ್ತುತ್ತದೆ, ಮಜ್ಜಿಗೆ ಕುಡಿದು ಮಲಗಿದರೆ ಹೋಗುತ್ತದೆ, ಆಮೇಲೆ ಮೈಗೆ ಒಗ್ಗುತ್ತದೆ. ಮಕ್ಕಳಿಗೂ ಬೇಗ ಒಗ್ಗಲಿ ಎಂದೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆ ಮಗುವಿಗೂ ಮಜ್ಜಿಗೆ ಕುಡಿಸಿದರು. ಮಾರನೆಯ ದಿನ ಪಿರಿಯಾಪಟ್ಟಣದ ಆಸ್ಪತ್ರೆಗೆ ಗಾಡಿ ಹೂಡಿ ಹೊರಟರು, ದಾರಿಯಲ್ಲೇ ಹೋಯಿತು. ಜ್ವರ ತಿಂದ ಮಗುವನ್ನು ಒದ್ದೆ ಸೊಪ್ಪಿನಲ್ಲಿ ಕೂರಿಸಿದವಳು ಎಂದು ಗಂಡನೂ ಅತ್ತೆಯೂ ತಾವು ಸಾಯುವವರೆಗೆ ಆ ತಾಯಿಗೆ ಅನ್ನುತ್ತಲೇ ಇದ್ದರು. ಆಕೆ ಮತ್ತೆ ಸೊಪ್ಪು ಕಟ್ಟಲಿಲ್ಲ. ಶುಂಠಿ ಹೊಲಕ್ಕೆ, ರಾಗಿ ಕಳೆಗೆ ಹೋಗಿ ಬದುಕಿದಳು.

"ನಾನು ಪಾಠಕ್ಕೆ ತಂದಿದ್ದು ಒಣಗಿದ ಮುರುಕು ಎಲೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ," ಎಂದರು ಟೀಚರ್. "ನಿಮ್ಮದು ಓದಿದ ಮೇಲೆ ಇನ್ನೊಂದು ನೆನಪಾಯಿತು. ಆ ಮಗು ಹೋದ ಮೇಲೆ ನಾನು ಶಿಶುವಿಹಾರದಲ್ಲಿ ಒಂದು ಚೂರು ಸೊಪ್ಪೂ ಇರದ ಹಾಗೆ ಗುಡಿಸಿ ಹಾಕಿಸಿದೆ. ಎಣಿಕೆಗೆ ಹೊಂಗೆ ಎಲೆ ತರಿಸಿದೆ. ಒಣ ಎಲೆ ಆಗಿದ್ದರೆ ನಾನು ಯಾಕೆ ಹೆದರಬೇಕಿತ್ತು?"

"ಹಸಿ ಅನ್ನೋದು ನಾನು ಸುಮ್ಮನೆ ಹಾಕಿದ ಪದ ಇರಬಹುದು ಟೀಚರ್. ಬರೆಯುವಾಗ ಚೆಂದ ಕಂಡಿರುತ್ತೆ."

"ನನಗೆ ಭತ್ತ ಗೊತ್ತಿತ್ತು. ಸೊಪ್ಪು ಗೊತ್ತಿರಲಿಲ್ಲ. ಮಗು ಕೈಯಲ್ಲಿ ಹಿಡಿದದ್ದರಿಂದಲೇ ಕಲಿಯಲಿ ಅಂತ ಊರೂರಲ್ಲಿ ಭಾಷಣ ಮಾಡಿದೆ. ಕೋಟೆ ತಾಲ್ಲೂಕಿನ ಅಂಗನವಾಡಿಯವರಿಗೆಲ್ಲ ಅದನ್ನೇ ಹೇಳಿಕೊಟ್ಟೆ." ತೊಡೆಯ ಮೇಲಿನ ಪುಟವನ್ನು ಇನ್ನೊಂದು ಮಡಿಕೆ ಮಡಿಸಿದರು. "ಆ ಮಗುವಿನ ತಾಯಿ ಇನ್ನೂ ಇದ್ದಾರೆ. ಅವರ ಮುಂದೆ ನೀವು ಹಸಿ ಎಲೆ ಅಂತ ಹೇಳಬೇಕು. ತಪ್ಪು ನನ್ನದು ಅಂತ ಅವರಿಗೆ ಗೊತ್ತಾಗಿ ಸಾಯಲಿ."

"ನನಗೆ ಗೊತ್ತಿಲ್ಲದ್ದನ್ನ ಹೇಗೆ ಹೇಳಲಿ?"

"ಪತ್ರಿಕೇಲಿ ಹೇಗೆ ಹೇಳಿದಿರಿ?"

ಒಂದು ವಾರ ನನ್ನನ್ನೇ ಪಾಟಿ ಸವಾಲಿಗೆ ನಿಲ್ಲಿಸಿದೆ. ಕೈಗೆ ಅಂಟಿದ ಕಪ್ಪು ಮೇಣ, ನೆಕ್ಕಿದಾಗಿನ ಕಹಿ, ಇವು ನೆನಪಿವೆ. ಕಪ್ಪು ಮೇಣ ಹಸಿ ಸೊಪ್ಪಿನದೇ. ಆದರೆ ನಮ್ಮ ಮನೆಯಲ್ಲೂ ಸೊಪ್ಪು ಕಟ್ಟುತ್ತಿದ್ದರು, ಅದು ಅಲ್ಲಿಯದಿರಬಹುದು. ಬೋಳು ತಲೆ ನೆನಪಿದೆ. ಅದೂ ಆಮೇಲೆ ಜನರ ಮಾತಿನಿಂದ ಬಂದು ಕೂತದ್ದಿರಬಹುದು. ಬೆಟ್ಟದಪುರದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

"ನೀನೆಲ್ಲಿದ್ಯೋ ಶಿಶುವಿಹಾರದಲ್ಲಿ? ಆ ವರ್ಷ ನೀನು ನನ್ನ ಸೊಂಟದ್ ಮ್ಯಾಲೇ ಇದ್ದೆ. ಇಳ್ಸುದ್ರೆ ಬೊಬ್ಬೆ."

"ನಾನು ಅವಳ ಪಕ್ಕ ಕೂತಿದ್ದೆ ಅಕ್ಕ. ನಂಗೆ ಕಾಣ್ತಾ ಇದೆ."

"ಕಾಣ್ತದೆ ಕಣಪ್ಪ, ಓದ್ದೋರ್ಗೆ ಎಲ್ಲಾ ಕಾಣ್ತದೆ," ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅದನ್ಯಾಕ್ಲಾ ಈಗ ಕೆದಕ್ತೀಯ? ಸುಮ್ನಿರು," ಎಂದಳು.

ಸುಮ್ಮನಿರಲು ಟೀಚರ್ ಬಿಡಲಿಲ್ಲ. ಮುಂದಿನ ಭಾನುವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೊರಟೆ. ರಸ್ತೆಯ ಎರಡೂ ಕಡೆ ಸೊಪ್ಪು ಎದೆಯೆತ್ತರ ಬೆಳೆದಿತ್ತು, ಕೆಳಗಿನ ಎಲೆಗಳನ್ನು ಆಗಲೇ ಮುರಿದಿದ್ದರು. ಟೀಚರ್ ಆ ಕಡೆ ನೋಡಲಿಲ್ಲ. ಏನು ಹೇಳಬೇಕು ಎಂದು ನನಗೆ ಮತ್ತೆ ಜ್ಞಾಪಿಸಲೂ ಇಲ್ಲ. ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ನಿಜ ಗೊತ್ತಿಲ್ಲ ಎಂದರೆ ಇಬ್ಬರು ಮುದುಕಿಯರೂ ಹೀಗೇ ಸಾಯುತ್ತಾರೆ. ಹೌದು ಎಂದರೆ ಒಬ್ಬರ ತಲೆಯ ಭಾರವನ್ನು ಇನ್ನೊಬ್ಬರು ಇಷ್ಟಪಟ್ಟು ಹೊರುತ್ತಾರೆ. ಹೌದು ಎನ್ನುವುದೇ ಸರಿ ಎಂದು ಊರು ಬರುವ ಹೊತ್ತಿಗೆ ತೀರ್ಮಾನಿಸಿದ್ದೆ. ದಯೆಯ ಕೆಲಸ ಎಂದೇ ನಂಬಿದ್ದೆ.

ಆ ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಲಸಂದೆ ಬಿಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಟೀಚರ್ ಹೆಸರು ಹೇಳುವ ಮೊದಲೇ ದನಿ ಗುರುತು ಹಿಡಿದರು.

"ಟೀಚರಮ್ಮೋರಾ? ಅಯ್ಯೋ, ಬನ್ನಿ, ಮ್ಯಾಲೆ ಕೂತ್ಕಳಿ. ನಮ್ ಐಕ್ಳಿಗೆ ಬನ್ನಿ ಅಂತಿದ್ದೋರು ನೀವು, ನಾನು ಅನ್ನದೆ ಇರಕಾಯ್ತದಾ?" ನನ್ನ ಕಡೆ ತಿರುಗಿ, "ಇದ್ಯಾರು ಮಗ?" ಎಂದರು. ಯಾರ ಮಗ ಎಂದು ಹೇಳಿದೆ. "ಓ, ಸೊಂಟ ಬುಟ್ಟು ಇಳೀದೆ ಇದ್ದೋನು," ಎಂದರು.

ಟೀಚರ್ ಕೂತು ಉಸಿರು ತೆಗೆದುಕೊಂಡರು. ಸುತ್ತುಬಳಸಲಿಲ್ಲ. ನಿಮ್ಮ ಮಗಳಿಗೆ ಅವತ್ತು ಸೊಪ್ಪಿನ ನಂಜು ಏರಿದ್ದು ನಿಮ್ಮ ಹತ್ತಿರ ಅಲ್ಲ, ಬೆಳಿಗ್ಗೆ ನನ್ನ ಹತ್ತಿರ, ಪಾಠಕ್ಕೆ ನಾನು ಹಸಿ ಎಲೆ ಹರಡಿದ್ದೆ, ಈ ತಪ್ಪು ನನ್ನದು, ಇವರು ಪಕ್ಕದಲ್ಲೇ ಕೂತಿದ್ದರು, ಎಂದರು. ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ.

ಆಕೆಯ ಬೆರಳು ಅಲಸಂದೆಯ ಮೇಲೆ ನಿಂತಿತು.

"ಹೌದೇನಪ್ಪ?"

"ಹೌದು," ಎಂದೆ. "ಹಸಿ ಎಲೆ. ನಾನು ನೋಡಿದೆ."

ಆಕೆ ಅಳುತ್ತಾರೆ, ಇಲ್ಲವೇ ಟೀಚರನ್ನು ಬೈಯುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ. ತಮಗೆ ತಾವೇ ಹೇಳಿಕೊಳ್ಳುವಂತೆ ಮಾತಾಡಿದರು.

"ಅಂಗಾರೆ ಬರೋವಾಗ್ಲೇ ಆಗಿತ್ತಾ?"

ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು.

"ಮದ್ಯಾನ ಕರ್ಕಬಂದು ಕೂರುಸ್ದೆ. ಕೂತೇಟ್ಗೇ, ಅವ್ವಾ ತಲೆ ತಿರುಗ್ತದೆ ಕಣವ್ವ ಅಂತು. ಇನ್ನೂ ಒಂದ್ ಎಲೆ ಮುಟ್ಟಿರ್ನಿಲ್ಲ. ಕಳ್ಳಾಟ ಅನ್ಕಂಡೆ. ಟೀಚರಮ್ಮ ಆಡ್ಸಿ ಆಡ್ಸಿ ಮೈಗಳ್ಳಿ ಮಾಡವ್ರೆ, ನೆಟ್ಗೆ ಕೊಡು ಅಂದ್ಬುಟ್ಟು..." ಬಲಗೈಯನ್ನು ಸ್ವಲ್ಪ ಎತ್ತಿದರು. "ಬೋಳ್ ತಲೆ ಮ್ಯಾಲೆ ಬುಟ್ಟೆ ಒಂದ. ಟಪ್ ಅಂತು. ಆಮ್ಯಾಕೆ ಅದು ಏನೂ ಅನ್ನಿಲ್ಲ. ಸಂಜೆಗಂಟ ಕೊಡ್ತಾನೇ ಇತ್ತು, ಮೂರು ಮೂರು."

ಟೀಚರ್ ಆಕೆಯ ಕೈ ಹಿಡಿಯಲು ಹೋದರು. ಆಕೆ ಬಿಡಿಸಿಕೊಳ್ಳಲಿಲ್ಲ, ಆದರೆ ಕೈ ಅಲ್ಲಿದೆ ಎಂಬುದೂ ಗೊತ್ತಾದಂತೆ ಕಾಣಲಿಲ್ಲ.

"ಸೊಪ್ಪು ಏರಿದ್ದು ಆಮ್ಯಾಲೆ, ನಾನು ವಡ್ದಾಗ ಸುಮ್ಕೆ ಸೋಂಬೇರಿತನ ಮಾಡ್ತಿತ್ತು ಅಂತ್ಲೇ ಇಷ್ಟು ದಿನ ಮಡಿಕ್ಕಂಡಿದ್ದೆ ಕಣ್ರವ್ವ. ಅದೊಂದು ಸಮಾದಾನ ಇತ್ತು ನಂಗೆ."

ನನಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತ್ತು. ಮನೆಯಲ್ಲಿ ಒಂದು ಎಲೆಯನ್ನೂ ಮುಟ್ಟುವ ಮೊದಲೇ ಮಗುವಿಗೆ ತಲೆ ಸುತ್ತಿತ್ತು ಎಂದರೆ ಬೆಳಿಗ್ಗೆಯ ಎಲೆ ಹಸಿಯೇ ಇದ್ದಿರಬೇಕು. ಇಲ್ಲ, ಹಳೆಯ ಜ್ವರದ ನಿಶ್ಶಕ್ತಿಯೂ ಇರಬಹುದು. ಆ ಜಗಲಿಯ ಮೇಲೆ, ಆ ಹೆಂಗಸಿನ ಎದುರು, ನನ್ನ ತಲೆ ಈ ಎರಡನ್ನೂ ತೂಗುತ್ತಿತ್ತು. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ನಾನು ಹೇಳಿದ್ದು ಸುಳ್ಳು, ನನಗೆ ಏನೂ ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಟೀಚರ್ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ಈಗ ಅದನ್ನು ಹೇಳಿದರೂ ಆಕೆ ನಂಬುತ್ತಿರಲಿಲ್ಲ. ಮಗು ಅಂದ ಮಾತು ಆಕೆಗೆ ಮತ್ತೆ ಕೇಳಿಸಿಬಿಟ್ಟಿತ್ತು.

"ಹೊರಡೋಣ," ಎಂದು ಟೀಚರ್ ನನಗೆ ಮಾತ್ರ ಕೇಳುವಂತೆ ಹೇಳಿದರು. ಎದ್ದು ನಿಲ್ಲಲು ಅವರಿಗೆ ನನ್ನ ತೋಳು ಬೇಕಾಯಿತು.

ಆಕೆ ಪೊರೆ ಬಂದ ಕಣ್ಣನ್ನು ನಾನಿದ್ದ ಕಡೆಗೆ ಎತ್ತಿದರು.

"ಮಗ, ನೀನು ಪಕ್ಕದಲ್ಲೇ ಕೂತಿದ್ದೆ ಅಂದ್ರಲ್ಲ. ಅಲ್ಲಿ ಅದು ಏನಾರ ಅಂತಾ? ಹೊಟ್ಟೆ ನೋಯ್ತದೆ ಅಂತನೋ, ಅವ್ವುನ್ ತಾವ್ಕೆ ಓಗ್ತೀನಿ ಅಂತನೋ?"

"ನೆನಪಿಲ್ಲಮ್ಮ," ಎಂದೆ.

"ಗ್ಯಾಪ್ಕ ಮಾಡ್ಕ," ಎಂದು ಅಲಸಂದೆಯ ಮೊರವನ್ನು ಪಕ್ಕಕ್ಕೆ ಸರಿಸಿ, ನನಗೆ ಕೂರಲು ಜಾಗ ಬಿಟ್ಟರು. "ನಿದಾನ್ವಾಗಿ ಗ್ಯಾಪ್ಕ ಮಾಡ್ಕಂಡು ಯೋಳು. ನಾನು ಇಲ್ಲೇ ಇರ್ತೀನಿ."

ಟೀಚರ್ ನನ್ನ ತೋಳು ಬಿಟ್ಟು ಕಂಬ ಹಿಡಿದುಕೊಂಡರು. ನಾನು ಆಕೆಯ ಪಕ್ಕದಲ್ಲಿ ಕೂತೆ.